ವಿಶ್ವಕಿರಣಗಳ ತವರುಮನೆ

ಮಲ್ಲೇಶ್ವರದ ಮಗ್ಗುಲಲ್ಲಿರುವ, ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1940ರ ದಶಕದ ಆದಿಭಾಗದಲ್ಲಿ ಹೋಮಿ ಭಾಭಾ ಅವರು ವಿಶ್ವಕಿರಣಗಳ ಸಂಶೋಧನ ವಿಭಾಗವನ್ನು ಕಟ್ಟಿದರು. ಹಗಲಿರುಳೂ ಆಕಾಶದಿಂದ ಸುರಿಯುವ ಈ ವಿದ್ಯುತ್ಕಣಗಳ ತವರಾವುದು? ಮನೆಗೆ ಬಂದ ಅತಿಥಿಯ ಊರನ್ನು ಕೇಳಿದಂತೆ ಇವನ್ನು ಕೇಳುವಂತಿಲ್ಲ. ಆಕಾಶಗಂಗೆಯ ಕಾಂತಕ್ಷೇತ್ರಗಳು ಇವುಗಳ ಹಾದಿಯನ್ನೇ ತಿರುಚಿಬಿಟ್ಟಿರುತ್ತವೆ.

ಸಿಡಿದಳಿದ ಮಹಾನಕ್ಷತ್ರಗಳೇ ತವರೆಂದು 1934ರಲ್ಲಿಯೇ ಬಾಡೆ ಮತ್ತು ಜ್ವಿಕಿ ಊಹಿಸಿದ್ದರು. ಸಿಡಿದ ತಾರೆಯ ದ್ರವ್ಯವು ಸೆಕೆಂಡಿಗೆ ಸಾವಿರಾರು ಕಿಲೋಮೀಟರು ವೇಗದಿಂದ ಹೊರನುಗ್ಗಿ ಸುತ್ತಣ ಅನಿಲದಲ್ಲಿ ಆಘಾತತರಂಗವನ್ನೆಬ್ಬಿಸುತ್ತದೆ. ಅಲ್ಲಿಯ ಕದಡಿದ ಕಾಂತಕ್ಷೇತ್ರಕ್ಕೆ ಸಿಕ್ಕಿದ ಕಣವು, ಪರಸ್ಪರ ಸಮೀಪಿಸುತ್ತಿರುವ ಎರಡು ಗೋಡೆಗಳ ನಡುವಣ ಚೆಂಡಿನಂತೆ, ಆ ತರಂಗವನ್ನು ಮತ್ತೆ ಮತ್ತೆ ದಾಟುತ್ತದೆ. ದಾಟಿದಂತೆಲ್ಲ ಅದರ ಶಕ್ತಿ ಏರುತ್ತದೆ.

ಹೀಗೆ ಬಲಿತ ಇಲೆಕ್ಟ್ರಾನು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಎಕ್ಸ್ ಕಿರಣಗಳನ್ನು ಸೂಸುತ್ತದೆ. ಪ್ರೋಟಾನಿನ ಬಗೆಯೇ ಬೇರೆ. ಅದು ಅನಿಲಕ್ಕೆ ಬಡಿದಾಗ ತಟಸ್ಥ ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟಿ, ಕ್ಷಣಮಾತ್ರದಲ್ಲಿ ಎರಡು ಗಾಮಾ ಕಿರಣಗಳಾಗಿ ಒಡೆಯುತ್ತದೆ. ವಿದ್ಯುದಂಶವಿಲ್ಲದ ಗಾಮಾ ಕಿರಣವು ಹಾದಿ ತಪ್ಪದೆ ನಮ್ಮವರೆಗೆ ಬರುತ್ತದೆ. ಸಾಕ್ಷಿ ನುಡಿಯಲು ಅದೇ ಅರ್ಹ. ತೊಡಕೆಂದರೆ, ಇಲೆಕ್ಟ್ರಾನುಗಳೂ ಗಾಮಾ ಕಿರಣಗಳನ್ನು ಬೀರಬಲ್ಲವು. 2013ರಲ್ಲಿ ಫರ್ಮಿ ಬಾಹ್ಯಾಕಾಶ ದೂರದರ್ಶಕದ ವಿಜ್ಞಾನಿಗಳು ಐಸಿ 443, ಡಬ್ಲ್ಯೂ 44 ಎಂಬ ಎರಡು ಅವಶೇಷಗಳಲ್ಲಿ ಪಯಾನಿನ ಗುರುತನ್ನೇ ಕಂಡರು. ಆದರೆ ಆಕಾಶಗಂಗೆಯ ಅತ್ಯುಚ್ಚಶಕ್ತಿಯ ಕಣಗಳಿಗೂ ಇಂಥ ಅವಶೇಷಗಳೇ ತವರೆಂಬುದು ಇನ್ನೂ ಸಿದ್ಧವಾಗಿಲ್ಲ.