ನಿರಂತರ ಲೆಕ್ಕಪರಿಶೋಧನೆ: ಒಂದು ಪರಿಚಯ

ಬ್ಯಾಂಕ್ ಹೊಂದಾಣಿಕೆ ಪಟ್ಟಿಯ ಪಾಠದಲ್ಲಿ ನಾವು ನಗದು ಪುಸ್ತಕ ಮತ್ತು ಪಾಸ್ ಬುಕ್ಕನ್ನು ತಾಳೆ ನೋಡುತ್ತೇವೆ. ಇದೇ ಕೆಲಸವನ್ನು ಕಂಪ್ಯೂಟರ್ ಪ್ರತಿ ವ್ಯವಹಾರಕ್ಕೂ, ಪ್ರತಿದಿನವೂ ಮಾಡುವುದೇ ನಿರಂತರ ಲೆಕ್ಕಪರಿಶೋಧನೆ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ.

ಇದರ ಅಗತ್ಯವೇನು? 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ ತನ್ನ ಮುಂಬೈ ಶಾಖೆಯೊಂದರಲ್ಲಿ ನಡೆದ ಸುಮಾರು 11,400 ಕೋಟಿ ರೂಪಾಯಿಗಳ ವಂಚನೆಯನ್ನು ಬಹಿರಂಗಪಡಿಸಿತು. ಸಾಲ ಖಾತರಿ ಪತ್ರಗಳು ಸ್ವಿಫ್ಟ್ ಸಂದೇಶಗಳ ಮೂಲಕ ಹೊರಹೋಗಿದ್ದವು. ಕೋರ್ ಬ್ಯಾಂಕಿಂಗ್ ಲೆಕ್ಕದಲ್ಲಿ ಅವುಗಳ ನಮೂದೇ ಇರಲಿಲ್ಲ. ಎರಡೂ ವ್ಯವಸ್ಥೆಗಳು ಪರಸ್ಪರ ಜೋಡಣೆಯಾಗಿರಲಿಲ್ಲ.

ಅಳವಡಿಸುವ ಕ್ರಮ ಹೀಗಿದೆ:

1. ಹೆಚ್ಚು ಅಪಾಯವಿರುವ ವ್ಯವಹಾರವನ್ನು ಆರಿಸುವುದು.
2. ಅದರ ದಾಖಲೆಗಳು ಎಲ್ಲೆಲ್ಲಿ ಹುಟ್ಟುತ್ತವೆ ಎಂದು ಗುರುತಿಸಿ, ಎಲ್ಲವನ್ನೂ ಜೋಡಿಸುವುದು.
3. ನಿಯಮ ರೂಪಿಸುವುದು: ಸಂದೇಶವಿದ್ದು ನಮೂದಿಲ್ಲದಿದ್ದರೆ ಎಚ್ಚರಿಕೆ ಬರಬೇಕು.
4. ಆ ಎಚ್ಚರಿಕೆ ಶಾಖೆಯಲ್ಲೇ ಉಳಿಯದೆ ಆಂತರಿಕ ಲೆಕ್ಕಪರಿಶೋಧಕರಿಗೆ ತಲುಪುವುದು. ಅವರು ವಿಚಾರಿಸಿ, ಕಂಡದ್ದನ್ನು ದಾಖಲಿಸುವುದು.

ಇವುಗಳಲ್ಲಿ ಎರಡನೆಯ ಹಂತವೇ ಮುಖ್ಯ. ತನಗೆ ಕೊಡದ ದಾಖಲೆಯನ್ನು ಕಂಪ್ಯೂಟರ್ ಪರಿಶೀಲಿಸಲಾರದು; ಯಾವುದು ಹೊರಗುಳಿದಿದೆ ಎಂದು ಹುಡುಕಬೇಕಾದವರು ನಾವೇ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ (2:282) ಆದೇಶಿಸುತ್ತದೆ. ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಅದು ವೃತ್ತಿಯ ಮೊದಲ ಪಾಠವೂ ಹೌದು.