ಏಳು ಸೇತುವೆಗಳೂ ಒಂದು ಬಳೆಯೂ

ಒಂದು ದಿನ ಗಣಿತದ ಪಾಠವು ಮುಗಿದು ಗಂಟೆ ಹೊಡೆಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿರಲಾಗಿ, ನಾನು ಕರಿಹಲಗೆಯ ಮೇಲೆ ಒಂದು ಚೌಕವನ್ನು ಬರೆದು, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೆಳೆದು, “ಕೈಯೆತ್ತದೆ, ಒಮ್ಮೆ ಎಳೆದ ಗೆರೆಯನ್ನು ತಿರುಗಿ ಎಳೆಯದೆ, ಈ ಚಿತ್ರವನ್ನು ಬರೆಯಿರಿ” ಎಂದು ಮಕ್ಕಳಿಗೆ ಹೇಳಿದೆನು. ಎಲ್ಲರೂ ಉತ್ಸಾಹದಿಂದ ತೊಡಗಿದರು. ಬರೆದು ಅಳಿಸಿ, ಅಳಿಸಿ ಬರೆದು, ಹಾಳೆಗಳು ತುಂಬಿದವೇ ಹೊರತು ಚಿತ್ರವು ಯಾರಿಗೂ ಕೈಗೂಡಲಿಲ್ಲ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿಯು ಎದ್ದುನಿಂತು, “ಟೀಚರ್, ಇದು ಆಗುವುದೇ ಇಲ್ಲವೋ, ಅಥವಾ ನಮಗೆ ಬರುವುದಿಲ್ಲವೋ?” ಎಂದು ಕೇಳಿದಳು.

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳಿದ್ದು ಅಪರೂಪ. “ನಮಗೆ ಬರುವುದಿಲ್ಲ” ಎಂಬುದು ಒಂದು ಮಾತು. “ಇದು ಯಾರಿಗೂ ಆಗದು” ಎಂಬುದು ಬೇರೆಯೇ ಮಾತು. ಮೊದಲನೆಯದು ನಮ್ಮ ವಿಷಯ, ಎರಡನೆಯದು ವಸ್ತುವಿನ ವಿಷಯ. ಇವೆರಡನ್ನೂ ಬೇರ್ಪಡಿಸುವುದು ಹೇಗೆಂಬುದನ್ನು ಗಣಿತಶಾಸ್ತ್ರದ ಎರಡು ಶಾಖೆಗಳ ಚರಿತ್ರೆಯಿಂದ ಹೇಳುವೆನು. ಅವುಗಳಲ್ಲಿ ಒಂದಕ್ಕೆ ಗ್ರಾಫ್ ಸಿದ್ಧಾಂತವೆಂದೂ ಇನ್ನೊಂದಕ್ಕೆ ಬೀಜಗಣಿತೀಯ ಟೊಪಾಲಜಿಯೆಂದೂ ಹೆಸರು. ಹೆಸರುಗಳು ದೊಡ್ಡವಾದರೂ ಅವುಗಳ ಬುಡವನ್ನು ಹೈಸ್ಕೂಲಿನ ಹುಡುಗಿಯೂ ಮುಟ್ಟಬಲ್ಲಳು.

ಪ್ರಷ್ಯ ದೇಶದಲ್ಲಿ ಪ್ರೇಗೆಲ್ ಎಂಬ ನದಿಯ ದಡದಲ್ಲಿ ಕೋನಿಗ್ಸ್‌ಬರ್ಗ್ ಎಂಬ ಪಟ್ಟಣವಿದ್ದಿತು. ನದಿಯು ಅಲ್ಲಿ ಕವಲೊಡೆದುದರಿಂದ ಪಟ್ಟಣವು ನಾಲ್ಕು ಭೂಭಾಗಗಳಾಗಿತ್ತು: ಎರಡು ದಡಗಳು, ನಡುವೆ ಒಂದು ದ್ವೀಪ, ಅದರ ಮೂಡಲಿಗೆ ಕವಲುಗಳ ನಡುವಣ ನೆಲ. ಇವುಗಳನ್ನು ಏಳು ಸೇತುವೆಗಳು ಕೂಡಿಸುತ್ತಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಮ್ಮೆ ಮಾತ್ರ ದಾಟಿ, ಯಾವುದನ್ನೂ ಬಿಡದೆ, ಪಟ್ಟಣವನ್ನು ಸುತ್ತಿಬರಬಹುದೇ ಎಂಬುದು ಅಲ್ಲಿಯವರ ಒಗಟು. ನಡೆದು ನೋಡಿದವರಿಗೆಲ್ಲ ಒಂದು ಸೇತುವೆ ಉಳಿಯುತ್ತಿತ್ತು, ಇಲ್ಲವೆ ಒಂದನ್ನು ಎರಡು ಸಾರಿ ದಾಟಬೇಕಾಗುತ್ತಿತ್ತು. ಆದರೂ ಅದು ಅಸಾಧ್ಯವೆಂದು ಯಾರೂ ನಿಶ್ಚಯವಾಗಿ ಹೇಳಲಾರರು.

ಈ ಒಗಟನ್ನು ಬಿಡಿಸಿದವನು ಲೆಯೋನಾರ್ಡ್ ಆಯ್ಲರ್. ಆತನು 1707ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯಲ್ಲಿ ಸೇವೆಗೆ ಸೇರಿದ್ದನು. 1735ರಲ್ಲಿ ಆ ಸಭೆಯ ಮುಂದೆ ತನ್ನ ಉತ್ತರವನ್ನು ಇಟ್ಟನು. ಸೇತುವೆಯ ಉದ್ದವೆಷ್ಟು, ದ್ವೀಪದ ಆಕಾರವೇನು ಎಂಬುದನ್ನೆಲ್ಲ ಆತನು ಬದಿಗೆ ತಳ್ಳಿ, ಯಾವುದು ಯಾವುದಕ್ಕೆ ಕೂಡಿಕೊಂಡಿದೆ ಎಂಬುದನ್ನು ಮಾತ್ರ ಉಳಿಸಿಕೊಂಡನು. ಭೂಭಾಗವೊಂದಕ್ಕೆ ಒಂದು ಚುಕ್ಕಿ, ಸೇತುವೆಯೊಂದಕ್ಕೆ ಒಂದು ಗೆರೆ; ಇಂಥ ಚುಕ್ಕಿಗೆರೆಗಳ ಚಿತ್ರಕ್ಕೆ ಈಗ ಗ್ರಾಫ್ ಎಂದು ಹೆಸರು. ಚೌಕುಳಿ ಕಾಗದದ ಮೇಲೆ ಮಕ್ಕಳು ಬರೆಯುವ ಗ್ರಾಫಿಗೂ ಇದಕ್ಕೂ ಸಂಬಂಧವಿಲ್ಲ. ಆಯ್ಲರನು ತಾನು ಅಂಥ ಚಿತ್ರವನ್ನು ಬರೆಯಲಿಲ್ಲ. ಅದು ಹಿಂದಿನಿಂದ ಬಂದುದು. ಆದರೆ ಆತನ ಯುಕ್ತಿಯು ಅದೇ.

ಯುಕ್ತಿಯು ಹೇಗೆಂದರೆ, ದಾರಿಯು ನಡುವೆ ಒಂದು ಚುಕ್ಕಿಗೆ ಬಂದರೆ ಅಲ್ಲಿಂದ ಹೋಗಲೂ ಬೇಕು. ಬರುವುದಕ್ಕೊಂದು ಗೆರೆ, ಹೋಗುವುದಕ್ಕೊಂದು ಗೆರೆ. ಆದುದರಿಂದ ದಾರಿಯು ಹೊರಡುವ ಮತ್ತು ಮುಗಿಯುವ ಚುಕ್ಕಿಗಳ ಹೊರತು ಮಿಕ್ಕ ಎಲ್ಲಾ ಚುಕ್ಕಿಗಳಲ್ಲಿ ಗೆರೆಗಳ ಸಂಖ್ಯೆಯು ಸಮವಾಗಿರಬೇಕು. ಬೆಸಸಂಖ್ಯೆಯ ಚುಕ್ಕಿಗಳು ಎರಡಕ್ಕಿಂತ ಹೆಚ್ಚು ಇರಕೂಡದು. ಕೋನಿಗ್ಸ್‌ಬರ್ಗಿನಲ್ಲಿಯಾದರೋ ದ್ವೀಪಕ್ಕೆ 5 ಸೇತುವೆಗಳು, ಉಳಿದ ಮೂರು ಭಾಗಗಳಿಗೆ ಮೂರು ಮೂರು, ನಾಲ್ಕೂ ಬೆಸ. ಆದಕಾರಣ ಅಂಥ ದಾರಿಯು ಇಲ್ಲ, ಇರಲಾರದು. ನಮ್ಮ ಚೌಕದ ನಾಲ್ಕು ಮೂಲೆಗಳಲ್ಲಿಯೂ ಮೂರು ಮೂರು ಗೆರೆಗಳು ಕೂಡುವುದರಿಂದ ಅದಕ್ಕೂ ಇದೇ ಗತಿ. ಚೌಕದ ತಲೆಯ ಮೇಲೆ ಮನೆಯ ಮಾಡಿನಂತೆ ಎರಡು ಗೆರೆಗಳನ್ನು ಕೂಡಿಸಿರಿ. ಮೇಲಿನ ಎರಡು ಮೂಲೆಗಳು ಸಮವಾಗುವವು, ಬೆಸವಾದವು ಕೆಳಗಿನ ಎರಡೇ ಉಳಿಯುವವು. ಈಗ ಕೆಳಗಿನ ಒಂದು ಮೂಲೆಯಿಂದ ಹೊರಟರೆ ಚಿತ್ರವನ್ನು ಕೈಯೆತ್ತದೆ ಬರೆಯಬಹುದು. ಇದನ್ನು ಹೇಳಿದಾಗ ಆ ಹುಡುಗಿಯ ಮುಖವು ಅರಳಿತು. ತನಗೆ ಬಾರದುದು ತನ್ನ ದೋಷದಿಂದಲ್ಲವೆಂದು ಆಕೆಗೆ ತಿಳಿಯಿತು. ಆದರೆ ಕಾರಣವನ್ನು ಕೇಳಿದ ಮೇಲೆಯೇ ತಿಳಿಯಿತು.

ಉದ್ದ ಅಗಲಗಳನ್ನು ಬಿಟ್ಟು ಕೂಡಿಕೊಂಡಿರುವ ರೀತಿಯನ್ನು ಮಾತ್ರ ನೋಡುವ ಈ ರೇಖಾಗಣಿತಕ್ಕೆ 1847ರಲ್ಲಿ ಲಿಸ್ಟಿಂಗ್ ಎಂಬ ಜರ್ಮನ್ ಪಂಡಿತನು ತನ್ನ ಪುಸ್ತಕದಲ್ಲಿ ಟೊಪಾಲಜಿ ಎಂಬ ಹೆಸರನ್ನು ಕೊಟ್ಟನು. ವಸ್ತುವನ್ನು ಹಿಗ್ಗಿಸಿರಿ, ಬಗ್ಗಿಸಿರಿ, ಕುಗ್ಗಿಸಿರಿ; ಹರಿಯಬೇಡಿರಿ, ಹೊಸದಾಗಿ ಅಂಟಿಸಬೇಡಿರಿ. ಹೀಗೆ ಮಾಡಿದರೂ ಬದಲಾಗದೆ ಉಳಿಯುವುದು ಯಾವುದೋ ಅದೇ ಈ ಶಾಸ್ತ್ರದ ವಿಷಯ.

ಅದೇ 1847ರಲ್ಲಿ ಇನ್ನೊಂದು ಸಂಗತಿಯು ನಡೆಯಿತು. ಕೋನಿಗ್ಸ್‌ಬರ್ಗಿನಲ್ಲಿಯೇ ಹುಟ್ಟಿ ಓದಿದ ಗುಸ್ತಾವ್ ಕಿರ್ಖಾಫ್ ಎಂಬ 23 ವರ್ಷದ ತರುಣನು, ಅನೇಕ ತಂತಿಗಳು ಹೆಣೆದುಕೊಂಡಿರುವಲ್ಲಿ ವಿದ್ಯುತ್ತು ಹೇಗೆ ಹಂಚಿಹೋಗುವುದೆಂದು ಲೆಕ್ಕ ಹಾಕುತ್ತಿದ್ದನು. ಅದಕ್ಕಾಗಿ ತಂತಿಗಳ ಹೆಣಿಗೆಯಲ್ಲಿ ಒಂದರಿಂದ ಒಂದು ಹುಟ್ಟದಂಥ ಸುತ್ತುಗಳು ಎಷ್ಟು ಎಂದು ತಿಳಿಯಬೇಕಾಗಿತ್ತು. ಆತನು ಕಂಡ ಸೂತ್ರವನ್ನು ನಮ್ಮ ಮನೆಯ ಕಿಟಕಿಯಲ್ಲಿಯೇ ನೋಡಬಹುದು.

ನಾಲ್ಕು ಚೌಕಗಳುಳ್ಳ ಒಂದು ಕಿಟಕಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಮರದ ಪಟ್ಟಿಗಳು ಕೂಡುವ ಸಂಧಿಗಳು 9. ಸಂಧಿಯಿಂದ ಸಂಧಿಗೆ ಇರುವ ಪಟ್ಟಿಯ ತುಂಡುಗಳು 12. ಸುತ್ತು ಒಂದೂ ಆಗದಂತೆ 9 ಸಂಧಿಗಳನ್ನು ಕೂಡಿಸಲು 8 ತುಂಡುಗಳು ಸಾಕು. ಇಂಥ ಸುತ್ತಿಲ್ಲದ ಜೋಡಣೆಗೆ ಮರವೆಂದು ಹೆಸರು, ಏಕೆಂದರೆ ಮರದ ಕೊಂಬೆಗಳು ಕವಲೊಡೆಯುವುವೇ ಹೊರತು ತಿರುಗಿ ಕೂಡುವುದಿಲ್ಲ. ಉಳಿದ 4 ತುಂಡುಗಳಲ್ಲಿ ಒಂದೊಂದನ್ನು ಇಟ್ಟಾಗಲೂ ಒಂದೊಂದು ಹೊಸ ಸುತ್ತು ಹುಟ್ಟುವುದು. ಆದುದರಿಂದ 12 − 9 + 1 = 4. ಯಾವ ಕ್ರಮದಲ್ಲಿ ಇಟ್ಟರೂ ಈ 4 ಬದಲಾಗದು. ಕೋನಿಗ್ಸ್‌ಬರ್ಗಿನ ಸೇತುವೆಗಳಲ್ಲಿಯೂ 7 − 4 + 1 = 4 ಸುತ್ತುಗಳೇ.

“ಕಿಟಕಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಸುತ್ತುಗಳಿವೆಯಲ್ಲಾ” ಎಂದು ವಾಚಕರು ಆಕ್ಷೇಪಿಸಬಹುದು. ಅದು ನಿಜ. ಒಂದೊಂದು ಚೌಕದ ಸುತ್ತು 4, ಪಕ್ಕದ ಎರಡೆರಡು ಚೌಕಗಳ ಸುತ್ತು 4, ಮೂರು ಮೂರು ಚೌಕಗಳ ಸುತ್ತು 4, ಎಲ್ಲಕ್ಕೂ ಹೊರಗಿನದು 1; ಒಟ್ಟು 13. ಆದರೆ ಇವೆಲ್ಲವೂ ನಾಲ್ಕು ಚಿಕ್ಕ ಸುತ್ತುಗಳನ್ನು ಕೂಡಿಸಿ ಪಡೆದವು. ಕೂಡಿಸುವ ನಿಯಮವೇನೆಂದರೆ, ಎರಡು ಸಾರಿ ಬಂದ ತುಂಡನ್ನು ಹೊಡೆದುಹಾಕಬೇಕು. ಪಕ್ಕಪಕ್ಕದ ಎರಡು ಚೌಕಗಳನ್ನು ಕೂಡಿಸಿದರೆ ನಡುವಿನ ತುಂಡು ಹೋಗಿ ಹೊರಸುತ್ತು ಮಾತ್ರ ಉಳಿಯುವುದು. ನಾಲ್ಕರಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು, ಬಿಡಬಹುದು; ಹಾಗಾದರೆ 2 × 2 × 2 × 2 = 16 ಮೊತ್ತಗಳು. ಮೇಲಿನ 13 ಸುತ್ತುಗಳು, ಮೂಲೆಗೆ ಮೂಲೆ ತಾಗುವ ಚೌಕಗಳ ಜೋಡಿಗಳು 2, ಏನನ್ನೂ ತೆಗೆದುಕೊಳ್ಳದ ಸೊನ್ನೆ 1, ಲೆಕ್ಕವು ಸರಿಹೋಯಿತು. ಚಿತ್ರವನ್ನು ಸಂಕಲನ ಮಾಡಲು ಬರುವುದೆಂಬ ಈ ಸಂಗತಿಯೇ ಟೊಪಾಲಜಿಯೊಳಗೆ ಬೀಜಗಣಿತವು ಕಾಲಿಡುವ ಬಾಗಿಲು.

ಈಗ ಕಿಟಕಿಗೆ ಗಾಜು ಹಾಕೋಣ. ಗಾಜು ಕೂರಿಸಿದ ಚೌಕದ ಸುತ್ತನ್ನು ಲೆಕ್ಕದಿಂದ ಬಿಟ್ಟುಬಿಡತಕ್ಕದ್ದು. ಏಕೆಂದರೆ ಅದು ಇನ್ನು ಬರಿದಾದ ತೂತನ್ನು ಸುತ್ತುವುದಿಲ್ಲ, ಗಾಜಿನ ಅಂಚು ಮಾತ್ರವಾಗಿದೆ. ಮೂರು ಚೌಕಗಳಿಗೆ ಗಾಜಿದ್ದು ನಾಲ್ಕನೆಯದು ಒಡೆದುಹೋಗಿದ್ದರೆ ಉಳಿದ ಸುತ್ತು ಒಂದೇ. ಕಿಟಕಿಯ ಹೊರಸುತ್ತು ಕೂಡ ಆ ಒಡೆದ ಚೌಕದ ಸುತ್ತಿಗೆ ಸಮವೆಂದು ಎಣಿಸಲ್ಪಡುವುದು. ನಾಲ್ಕಕ್ಕೂ ಗಾಜು ಹಾಕಿದರೆ ಸೊನ್ನೆ. ಸುತ್ತುಗಳಿಂದ ಅಂಚುಗಳನ್ನು ಕಳೆದು ಉಳಿದುದನ್ನು ಎಣಿಸಿದರೆ ವಸ್ತುವಿನ ತೂತುಗಳು ಎಷ್ಟೆಂದು ತಿಳಿಯುವುದು. ಫ್ರೆಂಚ್ ಗಣಿತಜ್ಞನಾದ ಆನ್ರಿ ಪ್ವಾಂಕಾರೆ 1895ರಲ್ಲಿ ಪ್ರಕಟಿಸಿದ ಮಹಾಲೇಖನದಿಂದ ಈ ಎಣಿಕೆಯು ಒಂದು ಶಾಸ್ತ್ರವಾಯಿತು. ಆ ಸಂಖ್ಯೆಗಳಿಗೆ ಇಟಲಿಯ ಎನ್ರಿಕೊ ಬೆತ್ತಿಯ ಹೆಸರನ್ನು ಇಟ್ಟವನೂ ಆತನೇ.

ಇದರಿಂದ ಒಂದು ಹಳೆಯ ತೊಡಕು ಬಿಟ್ಟಿತು. ಘನಾಕೃತಿಗಳಲ್ಲಿ ಮೂಲೆಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ 2 ಬರುವುದೆಂದು ಆಯ್ಲರನು 1750ರಲ್ಲಿ ಕಂಡಿದ್ದನು. ದಾಳದಲ್ಲಿ ನೋಡಿರಿ: 8 − 12 + 6 = 2. ಆದರೆ ಭಾವಚಿತ್ರಕ್ಕೆ ಹಾಕುವ ಮರದ ಚೌಕಟ್ಟನ್ನು ತೆಗೆದುಕೊಂಡರೆ, ಮೂಲೆಗಳಲ್ಲಿ ಓರೆಯಾಗಿ ಕೊಯ್ದು ಕೂಡಿಸಿದ ಗೆರೆಗಳೂ ಸೇರಿ, ಮೂಲೆಗಳು 16, ಅಂಚುಗಳು 32, ಮುಖಗಳು 16, ಉತ್ತರವು ಸೊನ್ನೆ. ತೂತುಳ್ಳ ಆಕೃತಿಗಳಿಗೆ ಸೂತ್ರವು ತಪ್ಪುವುದೆಂದು 1813ರಲ್ಲಿ ಸ್ವಿಜರ್ಲೆಂಡಿನ ಲ್ವಿಲಿಯೆ ತೋರಿಸಿದನು. ಕಾರಣವೇನು? ಚೆಂಡಿನ ಮೈಮೇಲೆ ದಾರದ ಸುತ್ತನ್ನು ಎಲ್ಲಿಟ್ಟರೂ ಅದನ್ನು ಜಾರಿಸಿ ಚುಕ್ಕಿಯಾಗಿ ಕುಗ್ಗಿಸಬಹುದು. ಕೈಬಳೆಯ ಮೈಮೇಲೆ ಎರಡು ಬಗೆಯ ಸುತ್ತುಗಳು ಕುಗ್ಗುವುದಿಲ್ಲ: ಬಳೆಯ ಉದ್ದಕ್ಕೂ ಓಡಿ ಮಣಿಕಟ್ಟನ್ನು ಬಳಸುವುದೊಂದು, ಬಳೆಯ ದಪ್ಪವನ್ನು ಬಳಸುವುದೊಂದು. ವಸ್ತುವು ಒಂದೇ ತುಂಡಾಗಿರುವುದಕ್ಕೆ 1, ಮೈಯು ಒಂದು ಒಳಜಾಗವನ್ನು ಮುಚ್ಚಿರುವುದಕ್ಕೆ 1. ಇವುಗಳಿಂದ ಸುತ್ತುಗಳನ್ನು ಕಳೆಯಿರಿ. ಚೆಂಡಿಗೆ 1 − 0 + 1 = 2; ಬಳೆಗೆ 1 − 2 + 1 = 0. ದಾಳವನ್ನು ಉಜ್ಜಿ ಚೆಂಡು ಮಾಡಬಹುದು, ಚೌಕಟ್ಟನ್ನು ಉಜ್ಜಿ ಬಳೆ ಮಾಡಬಹುದು. ದಾಳವನ್ನು ಬಳೆ ಮಾಡಲಾಗದು. ಈ “ಆಗದು” ಎಂಬುದಕ್ಕೂ ಒಂದು ಸಂಖ್ಯೆಯು ಸಾಕ್ಷಿ.

ಇಲ್ಲಿ ಒಬ್ಬ ಮಹಿಳೆಯ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಎಮ್ಮಿ ನೋಥರ್ 1882ರಲ್ಲಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಹುಟ್ಟಿದಳು. 1907ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರೂ, ಏಳು ವರ್ಷ ಆಕೆಯು ಅಲ್ಲಿ ಸಂಬಳವಿಲ್ಲದೆ ಕೆಲಸಮಾಡಿದಳು. 1915ರಲ್ಲಿ ಹಿಲ್ಬರ್ಟ್, ಕ್ಲೈನ್ ಎಂಬ ಮಹಾಪಂಡಿತರು ಆಕೆಯನ್ನು ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಕರೆದಾಗ, ಹೆಂಗಸು ಅಲ್ಲಿ ಉಪನ್ಯಾಸಕಿಯಾಗಕೂಡದೆಂದು ಕೆಲವರು ತಡೆದರು. ಆದುದರಿಂದ ಆಕೆಯ ಉಪನ್ಯಾಸಗಳು ಹಿಲ್ಬರ್ಟನ ಹೆಸರಿನಲ್ಲಿ ಸಾರಲ್ಪಟ್ಟವು. 1919ರಲ್ಲಿ ಮಾತ್ರವೇ ತನ್ನ ಹೆಸರಿನಿಂದ ಕಲಿಸುವ ಅಧಿಕಾರವು ಆಕೆಗೆ ದೊರೆಯಿತು. ಅದುವರೆಗೆ ಟೊಪಾಲಜಿಯ ಪಂಡಿತರು ತೂತುಗಳ ಸಂಖ್ಯೆಯನ್ನು ಬರೆದಿಟ್ಟು ತೃಪ್ತರಾಗುತ್ತಿದ್ದರು. ಸಂಖ್ಯೆಯಷ್ಟನ್ನೇ ನೋಡಬೇಡಿರಿ, ಕೂಡಿಸುವ ನಿಯಮದೊಂದಿಗೆ ಸುತ್ತುಗಳ ಇಡೀ ಸಮೂಹವನ್ನು ನೋಡಿರಿ ಎಂದು 1925-26ರ ಸುಮಾರಿಗೆ ಆಕೆಯು ಸೂಚಿಸಿದಳು. ನಮ್ಮ ಕಿಟಕಿಯಲ್ಲಿ 4 ಎಂಬ ಅಂಕಿಯ ಬದಲು ಆ 16 ಮೊತ್ತಗಳ ಕುಟುಂಬವನ್ನೇ ನೋಡಿದಂತೆ ಇದು. ಇಂಥ ಕುಟುಂಬಕ್ಕೆ ಗ್ರೂಪ್ ಎಂದು ಹೆಸರು. ಅಲೆಕ್ಸಾಂಡ್ರೊಫ್, ಹೋಪ್ಫ್ ಮೊದಲಾದವರು ಈ ಸೂಚನೆಯನ್ನು ಕೈಕೊಂಡರು. ಇಂದು ಈ ಶಾಸ್ತ್ರವು ನಡೆಯುವುದು ಆ ದಾರಿಯಲ್ಲಿಯೇ. 1933ರಲ್ಲಿ ಹೊಸ ಸರಕಾರವು ಯೆಹೂದ್ಯಳೆಂಬ ಕಾರಣದಿಂದ ಆಕೆಯನ್ನು ಕೆಲಸದಿಂದ ತೆಗೆದುಹಾಕಿತು. ಆಗ ಅಮೇರಿಕದ ಬ್ರಿನ್ ಮಾರ್ ಎಂಬ ಸ್ತ್ರೀಯರ ಕಾಲೇಜು ಆಕೆಗೆ ಸ್ಥಳಕೊಟ್ಟಿತು. 1935ರಲ್ಲಿ ಅಲ್ಲಿಯೇ ತೀರಿಹೋದಳು.

ಗ್ರಾಫಿನಿಂದ ಹುಟ್ಟಿದ ಟೊಪಾಲಜಿಯು ಆಮೇಲೆ ಗ್ರಾಫಿನ ಸಾಲವನ್ನು ತೀರಿಸಿತು. ಐದು ಮಂದಿ ಹುಡುಗಿಯರಿದ್ದಾರೆ. ಇಬ್ಬಿಬ್ಬರ ಜೋಡಿಗಳನ್ನು ಬರೆದರೆ 10 ಆಗುವುವು. ಸಾಮಾನ್ಯವಾಗಿ ಒಬ್ಬಳೂ ಇಲ್ಲದ ಎರಡು ಜೋಡಿಗಳ ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಕೂಡದು. ಪಟ್ಟಿಗಳು ಎಷ್ಟು ಬೇಕು? ಒಬ್ಬಳಿರುವ ಜೋಡಿಗಳಿಗೆಲ್ಲ ಒಂದು, ಇನ್ನೊಬ್ಬಳಿರುವ ಉಳಿದವುಗಳಿಗೆ ಒಂದು, ಮಿಕ್ಕ ಮೂವರ ಜೋಡಿಗಳಿಗೆ ಒಂದು. ಹೀಗೆ ಮೂರು ಸಾಕು, ಎರಡು ಸಾಲವು. ಹುಡುಗಿಯರು ಎಷ್ಟೇ ಇರಲಿ, ಗುಂಪು ಎಷ್ಟರದೇ ಆಗಲಿ, ಒಟ್ಟು ಮಂದಿಯಲ್ಲಿ ಗುಂಪಿನ ಇಮ್ಮಡಿಯನ್ನು ಕಳೆದು 2 ಕೂಡಿಸಿದಷ್ಟು ಪಟ್ಟಿಗಳು ಬೇಕೇ ಬೇಕು ಎಂದು 1955ರಲ್ಲಿ ಕ್ನೇಸರ್ ಎಂಬವನು ಊಹಿಸಿದನು. ಅಷ್ಟು ಸಾಕೆಂದು ತೋರಿಸುವುದು ಸುಲಭ; ಅದಕ್ಕಿಂತ ಕಡಿಮೆಯಲ್ಲಿ ಆಗದೆಂದು ತೋರಿಸುವುದೇ ಕಷ್ಟ. 1978ರಲ್ಲಿ ಹಂಗೇರಿಯ ಲಾಸ್ಲೊ ಲೋವಾಸ್ ಅದನ್ನು ಸಾಧಿಸಿದನು. ಭೂಗೋಲದಲ್ಲಿ ಒಂದಕ್ಕೊಂದು ನೇರ ಎದುರಾದ ಯಾವುದಾದರೂ ಎರಡು ಸ್ಥಳಗಳಲ್ಲಿ ಉಷ್ಣತೆಯೂ ವಾಯುವಿನ ಒತ್ತಡವೂ ಏಕಕಾಲದಲ್ಲಿ ಸಮವಾಗಿರಲೇಬೇಕೆಂದು ಹೇಳುವ ಟೊಪಾಲಜಿಯ ಪ್ರಮೇಯವೊಂದುಂಟು. ಅದೇ ಆತನ ಆಯುಧವಾಯಿತು! ಹುಡುಗಿಯರ ಪಟ್ಟಿಗೂ ಗೋಲದ ಮೈಗೂ ಸಂಬಂಧವಿರುವುದೆಂದು ಯಾರು ನೆನಸಿದ್ದರು?

ಕೋನಿಗ್ಸ್‌ಬರ್ಗ್ ಈಗ ಆ ಹೆಸರಿನಿಂದ ಇಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಏಳರಲ್ಲಿ ಎರಡು ಸೇತುವೆಗಳು ಬಲಿಯಾದವು. 1946ರಿಂದ ಆ ಪಟ್ಟಣಕ್ಕೆ ಕಲಿನಿನ್‌ಗ್ರಾಡ್ ಎಂದು ಹೆಸರಾಗಿ ರಷ್ಯಕ್ಕೆ ಸೇರಿದೆ. ಕಲ್ಲಿನ ಸೇತುವೆಯು ಮುರಿಯಿತು, ಆಯ್ಲರನ ಯುಕ್ತಿಯು ಮುರಿಯಲಿಲ್ಲ.

ಹೆತ್ತವರೇ, ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಈ ಪಾಠದಿಂದ ಮನೆಗೆ ಒಯ್ಯತಕ್ಕದ್ದು ಒಂದುಂಟು. ಲೋಕದಲ್ಲಿ “ಆಗದು” ಎಂಬ ಮಾತು ಎರಡು ವಿಧ. ಆಯ್ಲರನ “ಆಗದು” ಎಂಬುದಕ್ಕೆ ಕಾರಣವಿತ್ತು. ಅದನ್ನು ಮಗುವೂ ಪರೀಕ್ಷಿಸಿ ನೋಡಬಹುದು. ಎಮ್ಮಿ ನೋಥರಳಿಗೆ ಹೇಳಿದ “ಆಗದು” ಎಂಬುದಕ್ಕೆ ರೂಢಿಯ ಹೊರತು ಯಾವ ಕಾರಣವೂ ಇರಲಿಲ್ಲ. ಮೊದಲನೆಯದಕ್ಕೆ ತಲೆಬಾಗುವುದು ವಿವೇಕ, ಎರಡನೆಯದಕ್ಕೆ ತಲೆಬಾಗಬೇಕಾಗಿಲ್ಲ. ನಿಮ್ಮ ಮಗಳು ಮನೆಯಲ್ಲಿ “ಇದು ಆಗುವುದೇ ಇಲ್ಲವೋ, ನನಗೆ ಬರುವುದಿಲ್ಲವೋ?” ಎಂದು ಕೇಳಿದರೆ, ದಯವಿಟ್ಟು ಆಕೆಯನ್ನು ಸುಮ್ಮನಿರಿಸಬೇಡಿರಿ. ಕಾಗದವನ್ನೂ ಸೀಸದಕಡ್ಡಿಯನ್ನೂ ಕೊಟ್ಟು, ಗೆರೆಗಳನ್ನು ಎಣಿಸಲು ಹೇಳಿರಿ.