ಡಾಕ್ಟರ ಮುಂದೆ ಮಾತು ನಿಮ್ಮದೇ ಇರಲಿ

ಪ್ರಶ್ನೆ: ನಾನು ಹಾಸನದವಳು. ಯಜಮಾನರಿಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಪೋಲೆಂಡಿನ ವ್ರೊತ್ಸ್ವಾಫ್‌ಗೆ ಬಂದು ಒಂದೂವರೆ ವರ್ಷವಾಯಿತು. ಐದು ವರ್ಷದ ಮಗಳು ಇಲ್ಲಿನ ಶಿಶುವಿಹಾರಕ್ಕೆ ಹೋಗಿ ಪಟಪಟ ಪೋಲಿಷ್ ಮಾತಾಡುತ್ತಾಳೆ. ನನಗೆ ನಮಸ್ಕಾರ, ಧನ್ಯವಾದ ಬಿಟ್ಟರೆ ಏನೂ ಬಾರದು. ಈಚೆಗೆ ಉರಿಮೂತ್ರ, ಕೆಳಹೊಟ್ಟೆ ನೋವು ಕಾಣಿಸಿಕೊಂಡಿತು. ಇವರು ಆಫೀಸಿನಲ್ಲಿದ್ದರು, ಮಗಳನ್ನೇ ಕರೆದುಕೊಂಡು ಕ್ಲಿನಿಕ್‌ಗೆ ಹೋದೆ. ಅವಳು 'ಅಮ್ಮನಿಗೆ ಹೊಟ್ಟೆನೋವು' ಅಂದಳು. ಉಳಿದದ್ದನ್ನು ಆ ಮಗುವಿನ ಬಾಯಲ್ಲಿ ಹೇಗೆ ಹೇಳಿಸಲಿ? ಹೊಟ್ಟೆಗೆ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಇವರು ರಜೆ ಹಾಕಿ ಕರೆದೊಯ್ದಾಗಲೇ ಮೂತ್ರ ಪರೀಕ್ಷೆ, ಸರಿಯಾದ ಔಷಧ ಎಲ್ಲ ಆಗಿದ್ದು. ಈಗ ವಾಸಿಯಾಗಿದೆ. ಆದರೆ ಮೊಬೈಲಿನಲ್ಲಿ ಅಂಗಾಂಗಗಳ ಹೆಸರು ಕಲಿಯಲು ಕೂತರೆ ಮರುದಿನಕ್ಕೆ ಒಂದೂ ನೆನಪಿರುವುದಿಲ್ಲ. ಎಂ.ಕಾಂ. ಮಾಡಿದವಳು ನಾನು, ಇಲ್ಲಿ ಬಂದು ದಡ್ಡಿಯಾಗಿಬಿಟ್ಟೆನೇ?
– ಹೆಸರು ಬೇಡ

ಉತ್ತರ: ತಂಗಿ, ದಡ್ಡತನದ ಮಾತು ಬಿಡಿ. ಮೊದಲು ಮಗಳ ವಿಷಯ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಐದು ವರ್ಷದ ಮಗುವಿಗೆ ಅಮ್ಮ ಹೊಟ್ಟೆ ಹಿಡಿದುಕೊಂಡಿದ್ದು ಕಂಡಿತು, ಕಂಡದ್ದನ್ನು ಹೇಳಿದಳು. ಆದರೆ ಅಮ್ಮನ ಕಾಯಿಲೆಯನ್ನು ಡಾಕ್ಟರಿಗೆ ಒಪ್ಪಿಸುವ ಹೊರೆ ಅವಳ ಮೇಲೆ ಬೀಳಬಾರದು. ಹೇಳಿದ್ದು ತಪ್ಪಾಗಿ ಅಮ್ಮನಿಗೆ ಜೋರಾದರೆ ಅದು ತನ್ನಿಂದಲೇ ಆಯಿತೆಂದು ಮಕ್ಕಳು ಒಳಗೊಳಗೇ ನಂಬಿಬಿಡುತ್ತಾರೆ. ನಿಮಗೂ ಅವಳ ಮುಂದೆ ಹೇಳಲಾಗದ ಸಂಗತಿಗಳಿರುತ್ತವೆ. ಅಂಗಡಿ, ಬಸ್ಸು, ಆಟದ ಮೈದಾನದಲ್ಲಿ ಅವಳು ಎಷ್ಟು ಬೇಕಾದರೂ ಮಾತಾಡಲಿ. ಡಾಕ್ಟರ ಕೋಣೆಯಲ್ಲಿ ಮಾತ್ರ ಬೇಡ. ಪರೀಕ್ಷೆಯ ಹೊತ್ತಿಗೆ ಹತ್ತಿರದವರೊಬ್ಬರು ಜೊತೆಗಿರಲಿ ಎಂದು ಕೇಳುವ ಹಕ್ಕು ಅಲ್ಲಿನ ರೋಗಿಗಳಿಗೆ ಕಾನೂನಿನಲ್ಲೇ ಇದೆ. ಯಜಮಾನರೋ ಭಾಷೆ ಬಲ್ಲ ಗೆಳತಿಯೋ ಬರಬಹುದು. ಯಜಮಾನರು ಫೋನಿನಲ್ಲಿದ್ದು ಮಾತಾಡಿದರೂ ಸರಿಯೇ.

ಇನ್ನು ಕಲಿಕೆ. ಚಿತ್ರ ತೋರಿಸಿ ಮೂಗು, ಕಿವಿ, ಮೊಣಕಾಲು ಎಂದು ಬಾಯಿಪಾಠ ಮಾಡಿಸುವ ಪಾಠಗಳು ನಿಮ್ಮಂಥವರಿಗೆ ಹೇಳಿಮಾಡಿಸಿದವಲ್ಲ. ಡಾಕ್ಟರ ಮುಂದೆ ಯಾರೂ 'ಇದು ನನ್ನ ಮೂಗು' ಎನ್ನುವುದಿಲ್ಲ. ಏನಾಗುತ್ತಿದೆ, ಎಲ್ಲಿ, ಯಾವಾಗಿನಿಂದ ಎಂದು ಹೇಳುತ್ತೇವೆ. ಹಾಗಾಗಿ ವಾಕ್ಯದಿಂದಲೇ ಶುರು ಮಾಡಿ. 'ಬೋಲಿ ಮ್ನ್ಯೆ ಗ್ವೋವಾ' ಎಂದರೆ ನನಗೆ ತಲೆ ನೋಯುತ್ತಿದೆ. ಗ್ವೋವಾ ತೆಗೆದು ಗಾರ್ದ್‌ವೊ ಇಟ್ಟರೆ ಗಂಟಲು, ಊಹೊ ಇಟ್ಟರೆ ಕಿವಿ, ಬ್ಝೂಹ್ ಇಟ್ಟರೆ ಹೊಟ್ಟೆ. ನೋಯುವುದು ಒಂದಕ್ಕಿಂತ ಹೆಚ್ಚಾದರೆ ಬೋಲಿ ಹೋಗಿ 'ಬೋಲೊಂ' ಬರುತ್ತದೆ: 'ಬೋಲೊಂ ಮ್ನ್ಯೆ ಓಚಿ', ಕಣ್ಣುಗಳು ನೋಯುತ್ತಿವೆ. ಬೆನ್ನಿಗೆ ಪ್ಲೆತ್ಸಿ ಎನ್ನುತ್ತಾರೆ, ಅದು ಅವರಲ್ಲಿ ಯಾವಾಗಲೂ ಬಹುವಚನವೇ, ಆದ್ದರಿಂದ ಅದಕ್ಕೂ ಬೋಲೊಂ. ಕೊನೆಗೆ 'ಓದ್ ಫ್ಚೋರಾಯ್' ಸೇರಿಸಿದರೆ 'ನಿನ್ನೆಯಿಂದ' ಎಂದಾಯಿತು.

ಇಲ್ಲಿ ಇಂಗ್ಲಿಷನ್ನು ನಡುವೆ ತರಬೇಡಿ, ನೇರ ಕನ್ನಡದಿಂದಲೇ ಹೋಗಿ. ನೋಯುವುದು ತಲೆ, ನೋವು ನನಗೆ ಎನ್ನುವ ನಮ್ಮ ಕ್ರಮವೇ ಅವರದ್ದೂ. 'ನನಗೆ ಚಳಿ' ಎನ್ನುವುದಕ್ಕೆ 'ಯೆಸ್ತ್ ಮಿ ಜಿಮ್ನೊ'. ಇದರಲ್ಲಿ ಮಿ ಅಂದರೆ 'ನನಗೆ'. ತಲೆಸುತ್ತಿಗೂ ಅವರು 'ಕ್ರೆಂಚಿ ಮಿ ಶೆ ವ್ ಗ್ವೋವ್ಯೆ', ತಲೆಯೊಳಗೆ ಸುತ್ತುತ್ತಿದೆ ಎಂದೇ ಹೇಳುತ್ತಾರೆ. ರೆಂಕಾ ಎಂದರೆ ಭುಜದಿಂದ ಬೆರಳ ತುದಿವರೆಗಿನ ಕೈ, ನೋಗಾ ಎಂದರೆ ತೊಡೆಯಿಂದ ಕೆಳಗಿನ ಇಡೀ ಕಾಲು. ಪಾಲೆತ್ಸ್ ಎಂದರೆ ಬೆರಳು, ಕೈಯದಾದರೂ ಕಾಲಿನದಾದರೂ. ಇಂಗ್ಲಿಷಿನವರು ಇಲ್ಲಿ ಎಡವುತ್ತಾರೆ, ನಿಮಗೆ ಆ ತೊಡಕೇ ಇಲ್ಲ.

ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲೇ ಬರೆದಿಟ್ಟುಕೊಳ್ಳಿ. ನಮ್ಮ ಶ ಮತ್ತು ಷ ಎರಡಕ್ಕೂ ಪೋಲಿಷ್‌ನಲ್ಲಿ ಬೇರೆ ಬೇರೆ ಸದ್ದುಗಳಿವೆ. ನಾನು ಝ ಎಂದು ಬರೆದದ್ದನ್ನು ಮಾತ್ರ ಟೆಲಿವಿಷನ್ ಎನ್ನುವಾಗ ನಡುವೆ ಬರುವ ಸದ್ದಿನಂತೆ ಹೇಳಿ. ಎಲ್ ಅಕ್ಷರಕ್ಕೆ ಅಡ್ಡಗೆರೆ ಎಳೆದಿದ್ದರೆ ಅದನ್ನು ತುಟಿ ದುಂಡಾಗಿಸಿ 'ವ' ಎನ್ನಬೇಕು. ಒತ್ತು ಹೆಚ್ಚುಕಡಿಮೆ ಯಾವಾಗಲೂ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ.

ನಿಮ್ಮ ತೊಂದರೆಗೆ ಬರೋಣ. ಹಾಸನದಲ್ಲಿದ್ದಿದ್ದರೆ ಅತ್ತೆಗೋ ಅಮ್ಮನಿಗೋ 'ಉಷ್ಣ ಆಗಿದೆ' ಎಂದಿದ್ದರೆ ಸಾಕಿತ್ತು, ಎಳನೀರು ಬಂದಿರುತ್ತಿತ್ತು. ಅಲ್ಲಿ ಉಷ್ಣ, ಥಂಡಿ, ಗ್ಯಾಸ್ ತುಂಬಿಕೊಂಡಿದೆ ಎಂದು ಹೇಳಿದರೆ ಡಾಕ್ಟರಿಗೆ ಏನೂ ಸಿಗುವುದಿಲ್ಲ. ಉಷ್ಣ ಎಂದಾಗ ಮೈಯಲ್ಲಿ ಏನಾಗುತ್ತಿದೆ ಎಂದು ಒಡೆದು ನೋಡಿ: ಬಾಯಿಹುಣ್ಣೇ, ಕಣ್ಣುರಿಯೇ, ಮೂತ್ರ ಮಾಡುವಾಗ ಉರಿಯೇ? ಒಂದೊಂದಕ್ಕೂ ಅಲ್ಲಿ ಸರಿಯಾದ ಮಾತಿದೆ. ಉರಿಯುತ್ತಿದೆ ಎನ್ನಲು 'ಪ್ಯೆಚೆ'. ಮೂತ್ರ 'ಮೋಚ್'. 'ಪ್ಯೆಚೆ ಪ್ಷಿ ಒದ್ದಾವಾನ್ಯು ಮೋಚು' ಎಂದರೆ ನಿಮ್ಮ ಉರಿಮೂತ್ರ. ಬ್ಝೂಹ್ ಇಡೀ ಹೊಟ್ಟೆ. ಕೆಳಹೊಟ್ಟೆಗೆ 'ಪೊದ್‌ಬ್ಝೂಷೆ' ಎಂದು ಬೇರೆಯೇ ಇದೆ. ಆ ದಿನ ಬೇಕಾಗಿದ್ದದ್ದು ಇವೆರಡೇ. ಚುಚ್ಚಿದಂತಾದರೆ 'ಕ್ವೂಯೆ', ಕೆರೆತವಾದರೆ 'ಸ್ಫೆಂಜಿ'. ನೋವಿನ ಬಗೆ ಹೇಳುವ ಇಂಥ ಮಾತುಗಳು ಹತ್ತು ಅಂಗಗಳ ಹೆಸರಿಗಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮತ್ತೆ ಉರಿಮೂತ್ರ ಬಂದು ಅದರ ಜೊತೆ ಚಳಿಜ್ವರ, ಪಕ್ಕೆಯ ಹಿಂದೆ ನೋವು ಇದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಅವತ್ತೇ ತೋರಿಸಿ. ಸ್ತ್ರೀರೋಗ ತಜ್ಞರ ಬಳಿ ಹೋಗಲು ಸರ್ಕಾರಿ ವಿಮೆಯಲ್ಲೂ ಮನೆ ಡಾಕ್ಟರ ಚೀಟಿ ಬೇಕಿಲ್ಲ ಎನ್ನುವುದು ಗೊತ್ತಿರಲಿ.

ಭಾಷಾಂತರದ ಆ್ಯಪ್‌ಗಳು ಬೇಡ ಎನ್ನುವುದಿಲ್ಲ. ಆದರೆ ಅವನ್ನು ಮನೆಯಲ್ಲೇ, ನೆಮ್ಮದಿಯಿಂದಿರುವಾಗ ಬಳಸಿ. ನಿಮಗಿರುವ ಅಲರ್ಜಿ, ನುಂಗುತ್ತಿರುವ ಮಾತ್ರೆ, ಹಳೆಯ ಆಪರೇಷನ್ ಎಲ್ಲವನ್ನೂ ಪೋಲಿಷ್‌ನಲ್ಲಿ ಒಂದು ಹಾಳೆಗೆ ಬರೆದು, ಯಜಮಾನರ ಆಫೀಸಿನ ಸ್ಥಳೀಯ ಸ್ನೇಹಿತರೊಬ್ಬರಿಂದ ತಿದ್ದಿಸಿ ಪರ್ಸಿನಲ್ಲಿಟ್ಟುಕೊಳ್ಳಿ. ಜ್ವರದ ಅಂಕಿಯಲ್ಲಿ ಜೋಪಾನ. ಊರಿಂದ ತಂದ ಥರ್ಮಾಮೀಟರ್ ಫ್ಯಾರನ್‌ಹೀಟ್‌ನದಾಗಿರುತ್ತದೆ, ಅಲ್ಲಿ ಲೆಕ್ಕವೆಲ್ಲ ಸೆಲ್ಸಿಯಸ್. ನಮ್ಮ 102 ಅವರ 38.9. ಮಗುವಿಗೆ 102 ಎಂದು ಹೇಳಿ ಗೊಂದಲ ಮಾಡುವ ಬದಲು ಅಲ್ಲೇ ಹೊಸದೊಂದು ಕೊಳ್ಳಿ. ಜ್ವರಕ್ಕೆ 'ಗೊರೊಂಚ್ಕಾ' ಎನ್ನುತ್ತಾರೆ.

ಯಜಮಾನರ ಕಂಪನಿಯವರು ನಿಮ್ಮನ್ನೂ ಮಗಳನ್ನೂ ವಿಮೆಗೆ ಸೇರಿಸಿದ್ದಾರೆಯೇ ಎಂದು ಒಮ್ಮೆ ಕೇಳಿಸಿ. ಸಂಬಳದಾರರ ಕುಟುಂಬವನ್ನು ಹೆಚ್ಚಿನ ಹಣವಿಲ್ಲದೆ ಸೇರಿಸಲು ಅಲ್ಲಿ ಅವಕಾಶವಿದೆ, ಆದರೆ ಅರ್ಜಿ ಹೋಗಬೇಕು. ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ, ಮತ್ತೆ ರಜಾದಿನಗಳಲ್ಲಿ ಇಡೀ ದಿನ, ತೆರೆದಿರುವ ರಾತ್ರಿ ಚಿಕಿತ್ಸಾಲಯಗಳಿವೆ. ನಿಮ್ಮ ಬಡಾವಣೆಗೆ ಯಾವುದು ಹತ್ತಿರ ಎಂದು ಈಗಲೇ ನೋಡಿಟ್ಟುಕೊಳ್ಳಿ. ಜೀವಕ್ಕೆ ಅಪಾಯವೆನಿಸಿದರೆ 112.

ಅಭ್ಯಾಸಕ್ಕೆ ಕ್ಲಿನಿಕ್ ಒಳ್ಳೆಯ ಜಾಗವಲ್ಲ, ಅಲ್ಲಿ ಮೈಯೂ ಸರಿಯಿರುವುದಿಲ್ಲ, ಹಿಂದೆ ಸಾಲೂ ಇರುತ್ತದೆ. ಔಷಧದಂಗಡಿಯಿಂದ ಶುರು ಮಾಡಿ. ಹಸಿರು ಶಿಲುಬೆಯ ದೀಪದ ಕೆಳಗೆ 'ಅಪ್ತೆಕಾ' ಎಂದು ಬರೆದಿರುತ್ತದೆ. ಜನ ಕಡಿಮೆಯಿರುವ ಹೊತ್ತು ನೋಡಿ ಒಳಗೆ ಹೋಗಿ 'ಜೆನ್ ದೋಬ್ರಿ' ಎಂದು ನಮಸ್ಕರಿಸಿ, 'ನಾ ಗಾರ್ದ್‌ವೊ' ಎನ್ನಿ. ಗಂಟಲಿಗೆ ಏನಾದರೂ ಕೊಡಿ ಎಂದು ಅವರಿಗೆ ಅರ್ಥವಾಗುತ್ತದೆ. ಕೆಮ್ಮಿಗಾದರೆ 'ನಾ ಕಾಷೆಲ್'. ಅವರು ತಿರುಗಿ 'ದ್ಲಾ ಜೆತ್ಸ್ಕಾ?' ಎಂದು ಕೇಳಬಹುದು, ಮಗುವಿಗಾ ಎಂದು. ಅದಕ್ಕೆ ಉತ್ತರ 'ನ್ಯೆ, ದ್ಲಾ ಮ್ನ್ಯೆ', ಇಲ್ಲ, ನನಗೆ. ಚಳಿಗಾಲದಲ್ಲಿ ಗಂಟಲಿನ ಚಪ್ಪರಿಸುವ ಮಾತ್ರೆ ಹೇಗೂ ಮನೆಗೆ ಬೇಕೇ ಬೇಕು. ಈ ವಾರವೇ ಹೋಗಿ ಬನ್ನಿ, ಮಗಳು ಶಿಶುವಿಹಾರದಲ್ಲಿರುವಾಗ.